ಬಾಯಿ ಮುಚ್ಚಿದ ಫಟಫಟಿ

ಕಡಗಂಚಿಯ ಅಂಬಾರಾಯನಿಗೆ ಆ ದಿನ ಬೆಳಗಾದದ್ದೇ ಪಕ್ಕದ ಮನೆಯ ಗಂಗುಬಾಯಿಯ ಗಂಟಲಿನಿಂದ.

"ಏ ಅಂಬಾರಾಯ, ನಿನ್ನ ಫಟಫಟಿ ಬಾಯಿ ಮುಚ್ಚಸ್ತಿಯೋ, ಇಲ್ಲಾ ಸಂಜಿಗಿ ನಿನ್ನ ಬೀಗರ ಮುಂದ ನಾ ಬಾಯಿ ತಗೀಲ್ಯೋ? ಆ ಸಪ್ಪಳಕ್ಕ ನನ್ನ ಎಮ್ಮಿ ಹೆದರಿ ಸಾಯಾಕತ್ತದ!"

ಅಂಬಾರಾಯ ಹಾಸಿಗೆಯಿಂದ ಜಿಗಿದೆದ್ದ. ಸಂಜೆ ಅಫಜಲಪುರದ ಚಂದ್ರಾಮಪ್ಪ ತಮ್ಮ ಮಗಳು ಶರಣಬಸಮ್ಮನಿಗೆ ವರ ನೋಡಲು ಬರುವವರಿದ್ದರು. ಘತ್ತರಗಿಯ ಗುಡಿಯಲ್ಲಿ ಅವಳನ್ನು ಕಂಡಂದಿನಿಂದ ಅಂಬಾರಾಯನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಾಲದ್ದಕ್ಕೆ, ಬೀಗರ ಚಹಾಕ್ಕೆ ಹಾಲು ಬರಬೇಕಾದದ್ದೂ ಇದೇ ಎಮ್ಮೆಯಿಂದ.

ಫಟಫಟಿ ಎಂಬ ಆ ಮೋಟಾರ್ ಸೈಕಲ್ಲಿಗೆ ಒಂದು ವಂಶಾವಳಿಯೇ ಇತ್ತು. ಮೊದಲನೆಯದನ್ನು ಜೇವರ್ಗಿಯ ಗುತ್ತೇದಾರನೊಬ್ಬನಿಂದ ಕೊಂಡಿದ್ದ. ಅದು ತಾನು ಓಡಿದ್ದಕ್ಕಿಂತ ಎತ್ತಿನ ಗಾಡಿಯ ಮೇಲೆ ಕೂತು ಊರು ನೋಡಿದ್ದೇ ಹೆಚ್ಚು. ಎರಡನೆಯದು ಸೊಲ್ಲಾಪುರದಲ್ಲಿ ಮಿಲಿಟರಿಯವರು ಹರಾಜು ಹಾಕಿದ್ದು. ಅದಕ್ಕೆ ಇಂಜಿನ್ ಇತ್ತು, ಮುಂದಿನ ಗಾಲಿ ಇರಲಿಲ್ಲ. ಎರಡನ್ನೂ ಕೂಡಿಸಿ ಅಂಬಾರಾಯ ಮೂರನೆಯದನ್ನು ಹುಟ್ಟಿಸಿದ. ದೀಪದ ಜಾಗಕ್ಕೆ ಕಂದೀಲು, ಸೀಟಿಗೆ ಅವ್ವ ನಿಂಬೆವ್ವ ಹೊಲಿದ ಕೌದಿ, ಸೈಲೆನ್ಸರಿನ ಜಾಗಕ್ಕೆ ಬಾಯಿ ಬಿಟ್ಟ ಬರೀ ಕೊಳವೆ. ನಿಜಾಮರ ರಾಜ್ಯ ಹೋಗಿ ಹೊಸ ಸರಕಾರ ಬಂದದ್ದು ತಿಳಿಯದವರಿಗೂ, ಅಂಬಾರಾಯ ನಸುಕಿನಲ್ಲಿ ಆಳಂದದ ಅಡತಿ ಅಂಗಡಿಗೆ ಹೋದದ್ದು, ಸಂಜೆ ಬಂದದ್ದು ತಿಳಿಯುತ್ತಿತ್ತು.

ಅವನು ಫಟಫಟಿ ತಳ್ಳಿಕೊಂಡು, ಊರಿಗೆ ಬಂದಿದ್ದ ಕಲಾಯಿ ಹಾಕುವ ರಾಜೇಸಾಬನಲ್ಲಿಗೆ ಓಡಿದ.

"ಇಷ್ಟೇ ಏನ್ ಭಾಯಿ? ಕೊಳವಿ ಬಾಯಿಗಿ ಒಂದು ಚೊಂಬು ಕೂಡ್ಸಿ ಬೆಸಗಿ ಹಾಕ್ತೇನಿ," ಎಂದ ರಾಜೇಸಾಬ.

"ಒಳಗ ಗೋಣಿತಟ್ಟು ತುರುಕು," ಎಂದರು ಕೂಡಿದ ಮಂದಿ. "ಮ್ಯಾಲೆ ಬೂದಿ ಹಾಕು. ಮೆತ್ತಗ ಕೂಡ್ತದ."

ಯಾರ ಮನಸ್ಸನ್ನೂ ನೋಯಿಸದ ರಾಜೇಸಾಬ ಎಲ್ಲವನ್ನೂ ತುರುಕಿ, ಚೊಂಬು ಬೆಸೆದು, ಸಾಮಾನು ಕಟ್ಟಿಕೊಂಡು ಜೇವರ್ಗಿಯ ದಾರಿ ಹಿಡಿದ. ಅಂಬಾರಾಯ ಕಿಕ್ ಹೊಡೆದ. ಫಟಫಟಿ, ಮಾವನೆದುರು ಸೀನು ತಡೆದ ಸೊಸೆಯ ಹಾಗೆ, "ಪುಸ್" ಎಂದು ಅಲ್ಲಿಗೇ ನಿಂತಿತು. ಮತ್ತೆ ಉಸಿರೆತ್ತಲಿಲ್ಲ.

"ಹೋಗ್ಲಿ, ಸಪ್ಪಳ ನಿಂತಿತಲ್ಲ!" ಎಂದು ಅವನು ಅದನ್ನು ಮನೆಗೆ ತಳ್ಳಿಕೊಂಡು ಬಂದ.

ಹೊತ್ತು ಮುಳುಗಿತು. ಗಂಗುಬಾಯಿ ಚರಿಗೆ ಹಿಡಿದು ಎಮ್ಮೆಯ ಕೆಳಗೆ ಕೂತಳು. ಎಮ್ಮೆ ಕಿವಿ ನಿಮಿರಿಸಿ ಬಾಗಿಲ ಕಡೆ ನೋಡಿತೇ ಹೊರತು ಹಾಲು ಇಳಿಸಲಿಲ್ಲ. ಹಿಂಡಿ ಇಟ್ಟಳು, ಮೈ ಸವರಿದಳು, ಬೈದಳು. ಎಮ್ಮೆ ಚರಿಗೆಯನ್ನು ಒದ್ದಿತು.

ನಿಂಬೆವ್ವ ಹಣೆ ಬಡಿದುಕೊಂಡಳು. "ಅಲ್ಲ ಬೇ ಗಂಗೂ, ದಿನಾ ಇಂವ ಫಟಫಟಿ ಚಾಲೂ ಮಾಡಿ ಹೋಗೂ ಹೊತ್ತಿಗಿ, ಬರೂ ಹೊತ್ತಿಗೇ ನೀ ಹಿಂಡಾಕ ಕೂಡ್ತಿ. ನಿನ್ನ ಎಮ್ಮಿ ಆ ಸಪ್ಪಳಕ್ಕ ಹೆದರಿಲ್ಲ, ರೂಢಿ ಬಿದ್ದದ! ಅದು ಕೇಳಿದ್ರನ ಹಾಲು ಬಿಡ್ತದ!"

"ಹಂಗಾರ ಚಾಲೂ ಮಾಡೋ, ಲಗೂನ!" ಎಂದಳು ಗಂಗುಬಾಯಿ. "ಬೀಗರ ಗಾಡಿ ಅಗಸಿ ಹಂತ್ಯಾಕ ಬಂತಂತ!"

"ಅದರ ಬಾಯಿಗಿ ಬೆಸಗಿ ಬಿದ್ದದ, ಚಿಗವ್ವ!"

"ನಿನ್ನ ಬಾಯಿಗಿ ಬಿದ್ದಿಲ್ಲಲ್ಲ?"

ಬೀಗರಿಗೆ ಕರಿ ಚಹಾ ಕೊಟ್ಟರೆ ಶರಣಬಸಮ್ಮ ಕೈಬಿಟ್ಟಂತೆಯೇ. ಅಂಬಾರಾಯ ಹೊಸ ರುಮಾಲು ಓರೆ ಮಾಡಿಕೊಂಡು, ಎಮ್ಮೆಯ ಕಿವಿಯ ಬಳಿ ಕುಕ್ಕರಗಾಲಲ್ಲಿ ಕೂತು, ಗಲ್ಲ ಉಬ್ಬಿಸಿ ಶುರುಮಾಡಿದ. "ಫಟ್... ಫಟ್... ಫಟಫಟಫಟ!" ಎಮ್ಮೆ ಕಣ್ಣು ಮುಚ್ಚಿತು. ಚರಿಗೆಯಲ್ಲಿ ಹಾಲು ಚೊರ್ರೆಂದಿತು. ಹುರುಪಿಗೆ ಬಂದ ಅಂಬಾರಾಯ ಬಾಯಲ್ಲೇ ದಿಬ್ಬ ಹತ್ತಿದ, ಹಳ್ಳ ಇಳಿದ, ತಿರುವಿನಲ್ಲಿ ಹಾರ್ನ್ ಕೂಡ ಹೊಡೆದ. ಹಿಂದೆ ಯಾರೋ ಕೆಮ್ಮಿದರು.

ಕೊಟ್ಟಿಗೆಯ ಬಾಗಿಲಲ್ಲಿ ಚಂದ್ರಾಮಪ್ಪ ನಿಂತಿದ್ದರು.

"ಹುಡುಗನ ಹತ್ರ ಫಟಫಟಿ ಅದ ಅಂತ ಕೇಳಿದ್ವಿ," ಎಂದರು. "ಹೊಟ್ಟ್ಯಾಗ ಅದ ಅಂತ ಯಾರೂ ಹೇಳಿರಲಿಲ್ಲರಿ."

ನಿಂಬೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಚಂದ್ರಾಮಪ್ಪನವರ ಕಣ್ಣು ಹುಡುಗನ ಮೇಲಿರಲಿಲ್ಲ. ನೊರೆ ಉಕ್ಕುತ್ತಿದ್ದ ಚರಿಗೆಯ ಮೇಲಿತ್ತು.

"ನಮ್ಮ ಕೊಟ್ಟಿಗಿ ತುಂಬ ಎಮ್ಮಿ ಅವರಿ, ಒಂದೂ ನೆಟ್ಟಗ ಹಾಲು ಕೊಡಂಗಿಲ್ಲ. ಹುಡುಗಿ ಕೊಟ್ವಿ ಅಂತ ತಿಳ್ಕೋರಿ. ಆದ್ರ ಹುಡುಗ ಮನಿ ಅಳಿಯ ಆಗಿ ಬರಬೇಕು. ಆ ಫಟಫಟಿ ಇಲ್ಲೇ ಇರಲಿ, ಇವ ಒಬ್ಬನೇ ಸಾಕು."

ಗಂಗುಬಾಯಿ ಚರಿಗೆ ಕೆಳಗಿಟ್ಟು ಸೆರಗು ಸಿಕ್ಕಿಸಿ ಎದ್ದಳು. "ಅದ್ಹ್ಯಾಂಗ್ರಿ? ಇಂವ ಹೋದ್ರ ನನ್ನ ಎಮ್ಮಿಗಿ ಯಾರು? ನಮ್ಮ ಹುಡುಗನ್ನ ಕೊಡಂಗಿಲ್ಲ, ನಡ್ರಿ!"

ಇಬ್ಬರಿಗೂ ಜಗಳ ಜೋರಾಗಿಯೇ ಹತ್ತಿತು. ಹೊರಗೆ ಫಟಫಟಿಯ ಕೌದಿಯ ಮೇಲೆ ಆಗಲೇ ಕೋಳಿಯೊಂದು ಕಾವಿಗೆ ಕೂತಿತ್ತು. ತನ್ನನ್ನೂ ಒಂದು ಮಾತು ಕೇಳಿರೆಂದು ಹೇಳಲು ಅಂಬಾರಾಯ ಬಾಯಿ ತೆರೆದ. ಎಮ್ಮೆ ಆಸೆಯಿಂದ ಕತ್ತು ತಿರುಗಿಸಿತು.

ಹೊರಬಿದ್ದದ್ದು ಒಂದೇ ಮಾತು: "ಫಟ್!"