ಕಾಕಾನ ಪಂಪು, ಕಾಕುನ ಕಾವಲು

ನಮ್ಮ ಮನೀಶ್ ನಗರದ ಬಿಲ್ಡಿಂಗಿನ್ಯಾಗ ಏನರೆ ಒಂದು ನಡೀತನ ಇರತೈತಿ. ಎದುರ್ಮನಿ ರೈಲ್ವೆ ಕಾಕಾನ ಎದಿಯೊಳಗ ಡಾಕ್ಟರು ಪಂಪು ಕೂಡ್ಸಿದ ಮ್ಯಾಲಂತೂ ನನ್ನ ಬಾಯಿಗೆ ಸೂಟಿನ ಇಲ್ಲ. ಸೋತ ಹೃದಯಕ್ಕ ಜೋಡಿಯಾಗಿ ಆ ಪಂಪು ರಕ್ತ ತಳ್ಳತೈತಂತ. ಹೊಟ್ಟಿಯಿಂದ ಒಂದು ವಾಯರು ಹೊರಗ ಬಂದೈತಿ, ಅದರ ತುದಿಗೆ ಬ್ಯಾಟರಿ ಚೀಲ. ಕಾಕಾ ಎಲ್ಲಿಗೋ ಚೀಲ ಅಲ್ಲಿಗೆ.

೧. ನಾಡಿ

ಕಾಕಾಗ ನೆಗಡಿ ಆತು. ಕೆಳಗಿನ ದವಾಖಾನಿಗೆ ಹೊಸಾ ಕಂಪೌಂಡರ್ ಬಂದಿದ್ದ. ಮುಂಗೈ ಹಿಡದ, ನಾಡಿ ಸಿಗಲಿಲ್ಲ. ಇನ್ನೊಂದು ಕೈ ಹಿಡದ, ಅದರಾಗೂ ಇಲ್ಲ. ಪಂಪು ಒಂದೇ ಸವನ ತಿರಗತೈತಿ, ನಾಡಿ ಬಡ್ಯೂದು ಗೊತ್ತಾಗಂಗಿಲ್ಲ ಅಂತ ಕಾಕಾ ತಿಳಿಸಿ ಹೇಳಿದ್ರು. ಅಂವ ಮಾರಿ ಬೆಳ್ಳಗ ಮಾಡ್ಕೊಂಡು, ಬಾಜೂಕ ಕುಂತಿದ್ದ ನನ್ನ ಕೇಳಿದ: "ಹಂಗಾರ ಗುಳಿಗಿ ಯಾರಿಗೆ ಕೊಡ್ಲಿ?"

೨. ಸೀತಾಬರ್ಡಿ ತಾಟು

ವಾಯರ್ ಇಲ್ಲದನ, ಚರ್ಮದ ಮ್ಯಾಲಿಂದ ಕರೆಂಟು ತಗೊಳ್ಳೂ ಪಂಪು ತಯಾರಾಗಾಕತ್ತೈತಿ, ಇನ್ನೂ ಪ್ಯಾಟಿಗೆ ಬಂದಿಲ್ಲ ಅಂತ ಡಾಕ್ಟರು ಅಂದಿದ್ದ ತಡ, ಕಾಕಾನ ಹೆಂಡ್ತಿ, ನಮ್ಮ ಕಾಕು, ಹುಕುಂ ಹೊರಡಿಸಿದ್ರು. ಅದು ಬರೂತನಕ ಕಾಕಾ ಮನಿ ಬಿಟ್ಟು ಹೋಗೂಹಂಗಿಲ್ಲ. ಎಲ್ಲೆರೆ ವಾಯರ್ ಸಿಕ್ಕೊಂಡು ಜಗ್ಗಿದ್ರ? ಜೀವಮಾನೆಲ್ಲ ಗಾರ್ಡ್ ಆಗಿ ರೈಲಿನ್ಯಾಗ ತಿರಗಿದ ಮನಷಾರು, ಮನಿ ಗ್ಯಾಲರಿಯೊಳಗ ಕುಂತು ಕುಂತು ಸೊರಗಿದ್ರು. ನೋಡಲಾರದ ನಾ ಸೀತಾಬರ್ಡಿ ಪ್ಯಾಟಿಗೆ ಹೋಗಿ, ಫೋನ್ ಮ್ಯಾಲಿಟ್ರ ತಾನ ಚಾರ್ಜ್ ಆಗೂ ತಾಟು ತಂದೆ. ಎದಿ ಮ್ಯಾಲ ಇಟ್ಕೊಂಡು ನೋಡ್ರಿ ಅಂದೆ. ಕಾಕಾ ಅದನ್ನ ದೂರ ಸರಿಸಿದ್ರು: "ತಂಗೆವ್ವಾ, ನಾ ಇನ್ನೂ ಅಷ್ಟು ಸೋವಿ ಹ್ಯಾಂಡ್‌ಸೆಟ್ ಆಗಿಲ್ಲ."

೩. ಮೆಟ್ರೋ

ಕಡೀಕ ಡಾಕ್ಟರು ಕಾಕುಗ ಗದರಿದ್ರು. ಜೋಡಿ ಬ್ಯಾಟರಿ ಇಟ್ಕೊಂಡು ತಿರಗಾಡ್ಲಿ, ಮನ್ಯಾಗ ಕುಂತ್ರ ಮನಷಾ ಕೆಡತಾನ ಅಂದ್ರು. ಕಾಕು ಅಂಜಕೋತ ಒಪ್ಪಿದ್ರು, ಮೆಟ್ರೋದಾಗ ಸೀತಾಬರ್ಡಿ ತನಕ ಅಷ್ಟ, ಅದೂ ತಾವು ಬಾಜೂಕ ಇದ್ರ. ಅವರಿಬ್ಬರ ಜೋಡಿ ನಾನೂ ಹೋದೆ; ಬಿಡಾಕ ಆಗತೈತೇನು? ಸ್ಟೇಷನ್ ಬಾಗಿಲದಾಗ ಪೊಲೀಸಪ್ಪ ಚೀಲ ಮಷಿನ್ಯಾಗ ಹಾಕ್ರಿ ಅಂದ. ಕಾಕಾ ಶಾಂತ ಅಂದ್ರು: "ಹಾಕತೀನಪಾ, ಆದ್ರ ಅದರ ಹಿಂದ ನಾನೂ ಬೆಲ್ಟಿನ ಮ್ಯಾಲ ಮಲಗಬೇಕಾಗತೈತಿ."

ಅಂಗಿ ಎತ್ತಿ ವಾಯರ್ ತೋರ್ಸಿದ್ದಕ್ಕ ಅಂವ ಸಲ್ಯೂಟ್ ಹೊಡದು ಬಿಟ್ಟ. ಸೀತಾಬರ್ಡಿ ಬಂತು, ಕಾಕಾ ಕಿಡಕಿ ಬಿಟ್ಟು ಏಳಲಿಲ್ಲ. ಬ್ಯಾಟರಿ ಬರೋಬರ್ ಐತಿ ಅಂತ ಕಡೀ ಸ್ಟೇಷನ್ ತನಕ ಹೋದ್ರು, ಕಾಕು ದೇವರ ಹೆಸರು ಹೇಳ್ಕೋತ ಬಾಜೂಕ. ಮರುದಿನಾನೂ ಹೊಂಟ್ರು. ಈಗ ದಿನಾ ಅದ. ಚಹಾ ಕುಡದು ಕಪ್ಪು ಇಡೂದ್ರಾಗ ಚಪ್ಪಲಿ ಕಾಲಾಗ ಇರತಾವ; ಬ್ಯಾಟರಿ ಇಳ್ಯಾಕ ಹತ್ತಿದಾಗ ಅಷ್ಟ ಮನಿ ನೆನಪಾಗತೈತಿ.

ಮೊನ್ನೆ ತಪಾಸಣಿಗೆ ಹೋದಾಗ, ವಾಯರ್ ಇಲ್ಲದ್ದು ಜಲ್ದಿ ಬರಬಹುದು ಅಂತ ಡಾಕ್ಟರು ಖುಷೀಲೆ ಹೇಳಿದ್ರಂತ. ಕಾಕು ಎರಡೂ ಕೈ ಮುಗದ್ರು:

"ಬ್ಯಾಡ್ರೀ ಡಾಕ್ಟ್ರ. ಇವರನ್ನ ಹಿಡ್ಯಾಕ ನನ್ನ ಕೈಯಾಗ ಉಳದಿರೂದ ಅದೊಂದು ವಾಯರ್."