ಗೋಲಿಗೆ ಅಡ್ಡ ಬಂದ ಹಲ್ಲು

ಮೊದಲ ಸಲ ಆ ಹಲ್ಲು ಟೀವಿಯ ಮೂಲೆಯಿಂದ ಇಣುಕಿದಾಗ ಹಾರ್ನಣ್ಣ ನಕ್ಕಿದ್ದ. ಮನುಷ್ಯರ ಹಾಗೆ ಕೈಕಾಲು, ಹುಬ್ಬು, ತಲೆಯ ಮೇಲೊಂದು ಟೋಪಿ. 'ಫಳಫಳ ಪೇಸ್ಟು, ನಗುವೇ ಬೆಸ್ಟು' ಎಂದು ಹಾಡಿ, ಕುಣಿದು, ಕಣ್ಣು ಹೊಡೆದು ಹೋಯಿತು. ಎರಡನೆಯ ಸಲ ಬಂದಾಗ ಅವನಿಗೆ ನಗು ಬರಲಿಲ್ಲ. ಅದು ಬಂದು ನಿಂತದ್ದು ಸರಿಯಾಗಿ ಗೋಲಿನ ಮುಂದೆ. ಗೋಲು ಕಾಯುತ್ತಿದ್ದವಳು ಅವನ ಮಗಳು.

ಹಾಕಿ ಫೈನಲ್ಲು, ಅದೂ ಊರಿನದೇ ಮೈದಾನದಲ್ಲಿ. ಹಾರ್ನಣ್ಣ ಸಿಟಿ ಬಸ್ಸಿನ ಡ್ರೈವರು. ಗಂಟಲಿದ್ದರೆ ಹಾರ್ನು ಯಾಕೆ ಎಂದು ಡಿಪೋದವರು ಇಟ್ಟ ಹೆಸರು ಅದು. ಅದೇ ಗಂಟಲಿಗೆ ಹೆದರಿ ಮಗಳು ಬೆಳಗ್ಗೆ ಹೇಳಿ ಹೋಗಿದ್ದಳು: "ಅಪ್ಪ, ದಯವಿಟ್ಟು ಮನೇಲೇ ಕೂತು ನೋಡು. ನೀನು ಕೂಗಿದ್ರೆ ನನ್ನ ಕೈಕಾಲು ಆಡಲ್ಲ."

ಹಾಗಾಗಿ ಮನೆಯಲ್ಲೇ ಕೂತಿದ್ದ. ಪಕ್ಕದಲ್ಲಿ ಹೆಂಡತಿ, ಮೊಬೈಲ್ ರಿಪೇರಿ ಮಾಡುವ ಬಾಮೈದ, ಕರೆಯದೆಯೇ ಬಂದು ಒಳ್ಳೆಯ ಕುರ್ಚಿ ಹಿಡಿದಿದ್ದ ಪಕ್ಕದ ಮನೆ ಮೇಷ್ಟ್ರು.

ಎದುರು ತಂಡದವಳು ಚೆಂಡನ್ನು ಗೋಲಿನತ್ತ ಬೀಸಿ ಹೊಡೆದಳು. ಅಷ್ಟರಲ್ಲಿ ಆಟವೆಲ್ಲ ಅಂಚೆಚೀಟಿಯಷ್ಟಾಗಿ ಒಂದು ಮೂಲೆಗೆ ಸರಿಯಿತು. ಉಳಿದ ಪರದೆಯ ತುಂಬ ಹಲ್ಲು ಕುಣಿಯಿತು. ಅದು ತೊಲಗುವ ಹೊತ್ತಿಗೆ ಗೆಳತಿಯರು ಮಗಳ ಬೆನ್ನು ತಟ್ಟುತ್ತಿದ್ದರು.

"ಏನಾಯ್ತೇ?"

"ತಡೆದಳು ಅನ್ಸತ್ತೆ ರೀ."

"ಅನ್ಸತ್ತೆ ಅಂದ್ರೇನೇ! ನನ್ನ ಮಗಳ ಆಟ ನಾನು ಊಹೆ ಮಾಡ್ಕೋಬೇಕಾ?"

"ಸಮಾಧಾನ ಮಾಡ್ಕೊಳ್ಳಿ," ಎಂದರು ಮೇಷ್ಟ್ರು. "ಆ ಹಲ್ಲು ನೋಡಿ ಹೇಗಿದೆ. ಒಂದು ಹುಳುಕಿಲ್ಲ."

ಹಾರ್ನಣ್ಣ ತನ್ನ ಹಲ್ಲು ಕಡಿದ.

"ಭಾವ, ರಿಮೋಟ್ ಇಲ್ಲಿ ಕೊಡಿ. ಜಾಹೀರಾತು ಬರದ ಹಾಗೆ ಸೆಟ್ಟಿಂಗ್ ಇರತ್ತೆ," ಎಂದು ಬಾಮೈದ ಮುಂದೆ ಬಂದ. ಒತ್ತಿದ, ತಿರುಗಿಸಿದ, ಮತ್ತೆ ಒತ್ತಿದ. ಆಟಗಾರ್ತಿಯರೆಲ್ಲ ಹಸಿರು ಬಣ್ಣಕ್ಕೆ ತಿರುಗಿದರು. ವೀಕ್ಷಕ ವಿವರಣೆ ಯಾರಿಗೂ ತಿಳಿಯದ ಭಾಷೆಗೆ ಹೋಯಿತು. ಹಲ್ಲು ಮಾತ್ರ ಮೊದಲಿಗಿಂತ ಬೆಳ್ಳಗೆ ಬಂದು ಆ ಭಾಷೆಯಲ್ಲೂ ಹಾಡಿತು.

"ಬಿಡಿ ಭಾವ, ಫೋನಲ್ಲಿ ನೋಡೋಣ."

ಫೋನಿನಲ್ಲಿ ಆಟಕ್ಕೆ ಮೊದಲೇ ಹಲ್ಲು. ಅದನ್ನು ಓಡಿಸಲು ಸಣ್ಣದೊಂದು ಗುಣಿಸು ಗುರುತು ಒತ್ತಬೇಕಿತ್ತು. ಬಸ್ಸಿನ ಸ್ಟೇರಿಂಗ್ ತಿರುಗಿಸಿ ದಪ್ಪಗಾದ ಬೆರಳು ಗುರುತಿನ ಮೇಲೆ ಬೀಳದೆ ಹಲ್ಲಿನ ಹೊಟ್ಟೆಯ ಮೇಲೆ ಬಿತ್ತು. 'ಪೇಸ್ಟು ಕೊಂಡಿದ್ದಕ್ಕೆ ವಂದನೆ' ಎಂದಿತು ಫೋನು.

ಹಾರ್ನಣ್ಣ ಚಾನೆಲ್ಲಿನ ದೂರು ವಿಭಾಗಕ್ಕೇ ಫೋನು ಹಚ್ಚಿದ. ಒಂದು ಒತ್ತಿ, ಎರಡು ಒತ್ತಿ ಎಂದು ಆಟ ಆಡಿಸಿದ ಮೇಲೆ, 'ದಯವಿಟ್ಟು ಕಾಯಿರಿ' ಎಂದು ಹಾಡು ಹಾಕಿದರು: 'ಫಳಫಳ ಪೇಸ್ಟು, ನಗುವೇ ಬೆಸ್ಟು...'

ಅವನ ನೆತ್ತಿಗೆ ಪಿತ್ತ ಏರಿತು. "ಎದುರಿಗೆ ಸಿಕ್ಕರೆ ಆ ಹಲ್ಲಿನ ಹಲ್ಲು ಉದುರಿಸ್ತೀನಿ!" ಎಂದು ಸ್ಕೂಟರ್ ಕೀಲಿ ಕಿತ್ತುಕೊಂಡು ಹೊರಟ.

"ರೀ, ಮಗಳು ಬೇಡ ಅಂದಿದಾಳೆ!"

"ಬಾಯಿ ಬಿಡಲ್ಲ ಕಣೇ. ಬರೀ ಕಣ್ಣು ಬಿಡ್ತೀನಿ!"

ಗೇಟಿನವನಿಗೆ ತಾನು ಗೋಲ್‌ಕೀಪರಿನ ಅಪ್ಪ ಅಂತ ಹೇಳಿ, ಕೈಮುಗಿದು, ಗದರಿ ಒಳಗೆ ನುಗ್ಗಿದಾಗ ಆಟ ಸಮಸಮ ಮುಗಿದು ಶೂಟೌಟು ನಡೆದಿತ್ತು. ಇನ್ನೊಂದೇ ಹೊಡೆತ ಬಾಕಿ. ಮಗಳು ತಡೆದರೆ ಕಪ್ಪು ಅವರದು. ಗೋಲಿನ ಹಿಂದೆಯೇ ಒಂದು ಸೀಟು ಖಾಲಿ ಇತ್ತು. ಪುಣ್ಯ ಮಾಡಿದ್ದೆ ಎಂದು ಓಡಿಹೋಗಿ ಕೂತ.

ಆ ಸೀಟು ಯಾಕೆ ಖಾಲಿ ಇತ್ತೆಂದು ಕೂತ ಮೇಲೆ ತಿಳಿಯಿತು. ಎದುರಿಗೆ ಎರಡಂತಸ್ತಿನ ಮನೆಯಷ್ಟು ಎತ್ತರದ ಗಾಳಿ ತುಂಬಿದ ಹಲ್ಲು, ಟೋಪಿ ಹಾಕಿಕೊಂಡು ತೂಗಾಡುತ್ತಿತ್ತು.

"ಇದನ್ನ ಪಕ್ಕಕ್ಕೆ ಸರಿಸಯ್ಯ!" ಎಂದು ಕಾವಲುಗಾರನಿಗೆ ಹೇಳಿದ.

"ಆಗಲ್ಲ ಸಾರ್. ಅವರೇ ದುಡ್ಡು ಕೊಟ್ಟಿರೋದು."

"ಮಗಳನ್ನ ಕೊಟ್ಟಿರೋನು ನಾನು ಕಣಯ್ಯ!"

ಸೀಟಿ ಮೊಳಗಿತು. ಹಾರ್ನಣ್ಣ ಬೇಲಿ ಹತ್ತಿ ಬಲೂನಿನ ಕಾಲು ಹಿಡಿದು ಜಗ್ಗಿದ. ಅದು ಬಾಗಿ ಅವನ ಮೇಲೆಯೇ ಒರಗಿತು. ಬಾಯಿ ಬಿಡೆನೆಂದು ಮಾತು ಕೊಟ್ಟಿದ್ದರಿಂದ ಹಲ್ಲು ಬಿಗಿಹಿಡಿದು, ಇಡೀ ದಿನದ ಸಿಟ್ಟನ್ನೆಲ್ಲ ಮುಷ್ಟಿಗೆ ತುಂಬಿ ಗುದ್ದಿದ. ಮೈದಾನ ಭೋರ್ಗರೆಯಿತು. ಕಾವಲುಗಾರರು ಅವನನ್ನು ಕೆಳಗೆಳೆದಾಗ ಮಗಳು ಗೆಳತಿಯರ ಹೆಗಲ ಮೇಲಿದ್ದಳು.

ಗೆದ್ದ ಸಂತೋಷದಲ್ಲಿ ಮಗಳು ಕೋಪಿಸಿಕೊಳ್ಳಲಿಲ್ಲ. "ಬಂದೇಬಿಟ್ಯಾ? ಹೋಗ್ಲಿ ಬಿಡು. ಕೊನೇದು ನೋಡಿದ್ಯಾ ಅಪ್ಪ? ಹೆಂಗಿತ್ತು?"

"ಅದ್ಭುತ ಮಗಳೇ," ಎಂದ. ಕಂಡದ್ದು ಬರೀ ಬಲೂನು ಎನ್ನಲಾಗದೆ ಕಣ್ಣೊರೆಸಿಕೊಂಡ. ಆನಂದಕ್ಕೆ ಎಂದುಕೊಂಡಳು ಅವಳು.

ಸಂಜೆ ಟೀವಿಯಲ್ಲಿ ಮರುಪ್ರಸಾರವಿತ್ತು. ಹಾರ್ನಣ್ಣ ಎಲ್ಲರಿಗಿಂತ ಮುಂದೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತ. ಹೆಂಡತಿ ಯಾಕೋ ಅಡುಗೆಮನೆಯಿಂದ ಈಚೆಗೇ ಬರಲಿಲ್ಲ. ಬಾಮೈದ ಉಗುರು ನೋಡಿಕೊಳ್ಳುತ್ತಿದ್ದ. ಕೊನೆಯ ಹೊಡೆತ ಬಂತು. ಎದುರಾಳಿ ಚೆಂಡು ತಳ್ಳಿಕೊಂಡು ಓಡಿ ಬಂದಳು. ಮಗಳು ಮುಂದೆ ನುಗ್ಗಿದಳು...

ಪರದೆಯ ತುಂಬ ಹಲ್ಲು. ಈ ಸಲ ಒಂದಲ್ಲ, ಬಾಯಿ ತುಂಬ. ಅದರ ಮೇಲೆ ಕೆಂಡದಂಥ ಕಣ್ಣು, ಉಬ್ಬಿದ ನರ. ಹಲ್ಲಿನ ಮೇಲೊಂದು ನಕ್ಷತ್ರ 'ಟಿಂಗ್' ಎಂದು ಮಿಂಚಿತು. ಕೆಳಗೆ ಬರೆದಿತ್ತು: 'ಇಂದಿನ ಫಳಫಳ ಅಭಿಮಾನಿ!'

ಹಾರ್ನಣ್ಣನ ಮುಖ ಸರಿದಾಗ ಮಗಳು ಹೆಗಲ ಮೇಲಿದ್ದಳು.

"ಮಧ್ಯಾಹ್ನಾನೂ ಹೀಗೇ ಬಂತು ಭಾವ," ಎಂದ ಬಾಮೈದ ಮೆಲ್ಲಗೆ. "ದೇಶದಲ್ಲಿ ಯಾರೂ ಆ ಹೊಡೆತ ನೋಡ್ಲಿಲ್ಲ."

ಮಗಳು ಪದಕ ಬಿಚ್ಚಿ ಮೇಜಿನ ಮೇಲಿಟ್ಟು ಅಪ್ಪನನ್ನೇ ನೋಡಿದಳು. ಅವನಿಗೆ ಕೂಗಬೇಕೆನಿಸಿತು. ಯಾರ ಮೇಲೆ ಕೂಗುವುದೆಂದು ತಿಳಿಯಲಿಲ್ಲ.

ಮತ್ತೆ ಅದೇ ಒಳ್ಳೆಯ ಕುರ್ಚಿ ಹಿಡಿದಿದ್ದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

"ಏನೇ ಹೇಳಿ, ಈ ವಯಸ್ಸಿಗೆ ಹಲ್ಲು ಚೆನ್ನಾಗಿ ಇಟ್ಕೊಂಡಿದೀರಿ. ಯಾವ ಪೇಸ್ಟು?"