ಒಂದು ದಿನದ ಮಟ್ಟಿಗೆ ಬಂದ ಗಾಡಿ

ಸರಳವಾದ ಕೆಲಸವೊಂದನ್ನು ಸರಳವಾಗಿ ಮಾಡಿ ಮುಗಿಸುವ ಭಾಗ್ಯ ನನಗೆ ಈ ಸೀಮೆಯಲ್ಲಿ ಎಂದೂ ಒದಗಿದ್ದಿಲ್ಲ. ಸೂಜಿ ಚುಚ್ಚಲು ಹೋದರೆ ಊಟ ಬಡಿಸುತ್ತಾರೆ. ಊಟಕ್ಕೆ ಹೋದರೆ ನಾಲ್ವರು ತೋಳು ಚಾಚಿಕೊಂಡು ಸೂಜಿಗೆ ಕಾದಿರುತ್ತಾರೆ. ತೊಂಬತ್ತರ ದಶಕದ ನಡುವೆ ನಾನೊಂದು ಹೊಸ ಗಾಡಿಯನ್ನು ಓಡಿಸಿ ನೋಡಲೆಂದು ತರಿಸಿದಾಗಲೂ ಹೀಗೆಯೇ ಆಯಿತು.

ನಾನು ಹೆರಿಗೆಯ ವೈದ್ಯೆ. ಮನೆ ಶ್ರೀರಂಗಪಟ್ಟಣದಲ್ಲಿ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಊರುಗಳಿಗೆ ವಾರಕ್ಕೊಮ್ಮೆ ಸುತ್ತು. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಕಲಿತ ನನಗೆ ಹೊತ್ತಿಗೆ ಸರಿಯಾಗಿ ಹೋಗುವ ಅಭ್ಯಾಸವಿತ್ತು. ನನ್ನ ಹಳೆಯ ಕಾರಿಗೆ ಆ ಅಭ್ಯಾಸ ತಪ್ಪಿಹೋಗಿತ್ತು. ಹಿಂದಿನ ವಾರ ಅದು ಏರಿನ ನಡುವೆ ನಿಂತೇಬಿಟ್ಟಿತು. ನನ್ನ ಡ್ರೈವರು ಇಳಿದು, ಬಾನೆಟ್ಟಿನ ಮೇಲೆ ಕೈಯಿಟ್ಟು, "ಕೆಟ್ಟಿಲ್ಲ ಅಮ್ಮಾವ್ರೆ, ವಸಿ ಸುಧಾರಿಸ್ಕತಾ ಅದೆ" ಎಂದ.

ಸುಧಾರಿಸಿಕೊಳ್ಳುವಷ್ಟು ವ್ಯವಧಾನ ನನಗಿರಲಿಲ್ಲ. ಬಿಂಡಿಗನವಿಲೆಯಲ್ಲಿ ಒಬ್ಬಳು ತುಂಬು ಬಸುರಿ. ಹಿಂದಿನ ಎರಡು ಮಕ್ಕಳೂ ಉಳಿದಿರಲಿಲ್ಲ. ಈ ಸಲ ನೋವು ಕಾಣಿಸುವ ಮೊದಲೇ ಅವಳನ್ನು ನಾಗಮಂಗಲದ ಆಸ್ಪತ್ರೆಗೆ ಸೇರಿಸಬೇಕೆಂದು ನಾನು ಹೇಳುತ್ತಲೇ ಇದ್ದೆ. ಅಮಾವಾಸ್ಯೆ ಕಳೆಯಲಿ ಎಂದು ಅವಳ ಅತ್ತೆ ಹೇಳುತ್ತಲೇ ಇದ್ದಳು. ಕೊನೆಗೆ ಅಮಾವಾಸ್ಯೆಯ ಮರುದಿನ, ನನ್ನ ಸುತ್ತು ಮುಗಿಯುವ ಹೊತ್ತಿಗೆ, ನಾನೇ ಅವಳನ್ನು ಕರೆದೊಯ್ಯುವುದೆಂದು ತೀರ್ಮಾನವಾಯಿತು. ದಾರಿಯಲ್ಲಿ ಸುಧಾರಿಸಿಕೊಳ್ಳದ ಗಾಡಿಯೊಂದು ಬೇಕಾಗಿತ್ತು.

ಮೈಸೂರಿನ ಶೋರೂಮಿಗೆ ಫೋನು ಮಾಡಿದೆ. ಜೀಪಿಗಿಂತ ಗಿಡ್ಡ, ಕಾರಿಗಿಂತ ಎತ್ತರ, ಬೆನ್ನ ಮೇಲೊಂದು ಚಕ್ರ ಹೊತ್ತ ಹೊಸ ಮಾದರಿಯ ಗಾಡಿಯೊಂದನ್ನು ಕಳಿಸಿದರು. ಜೊತೆಗೆ ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬನನ್ನೂ.

"ಟೆಸ್ಟ್ ಡ್ರೈವ್ ಮೇಡಂ. ಇವತ್ತೆಲ್ಲ ನಿಮ್ಮ ಜೊತೆ ಇರ್ತೀನಿ. ಸಂಜೆಯೊಳಗೆ ಗಾಡಿ ವಾಪಸ್ಸು ಒಪ್ಪಿಸಬೇಕು," ಎಂದ.

ಒಳ್ಳೆಯ ಮನುಷ್ಯ. ಸಂಜೆಯ ಮೇಲೆ ಅವನಿಗಿದ್ದ ನಂಬಿಕೆಯನ್ನು ನೆನೆದರೆ ನನಗೆ ಈಗಲೂ ಕನಿಕರವಾಗುತ್ತದೆ.

ಐದನೆಯ ನಿಂಬೆಹಣ್ಣು

ನಾನು ಚೀಲ ಹಿಡಿದು ಹೊರಗೆ ಬರುವಷ್ಟರಲ್ಲಿ ಪಕ್ಕದ ಮನೆಯಾಕೆ, ದೇವಸ್ಥಾನದ ಅರ್ಚಕರ ಹೆಂಡತಿ, ಗಾಡಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿ ಆಗಿತ್ತು. ತಟ್ಟೆಯಲ್ಲಿ ಆರತಿ, ಮಡಿಲಲ್ಲಿ ನಿಂಬೆಹಣ್ಣು.

ಸೇಲ್ಸ್‌ಮನ್ ಓಡಿಬಂದ. "ಅಮ್ಮಾ, ಇವರಿನ್ನೂ ತಗೊಂಡಿಲ್ಲ. ಸುಮ್ಮನೆ ನೋಡೋಕೆ ತಂದಿರೋದು."

"ಹೆಣ್ಣು ನೋಡೋಕೆ ಬಂದವರಿಗೆ ಉಪ್ಪಿಟ್ಟು ಕೊಡೋದಿಲ್ಲವೇನಪ್ಪಾ? ಒಪ್ಪಿಗೆ ಆದಮೇಲೆ ಕೊಡ್ತೀವಿ, ಅಲ್ಲಿವರೆಗೂ ಹಸಕೊಂಡಿರಿ ಅಂತೀವಾ?" ಎಂದು ಆಕೆ ನಾಲ್ಕು ಚಕ್ರಗಳಿಗೂ ಒಂದೊಂದು ಹಣ್ಣು ಇಟ್ಟರು. ಆಮೇಲೆ ಹಿಂದೆ ಹೋದವರು ಬೆನ್ನ ಮೇಲಿನ ಚಕ್ರವನ್ನು ಕಂಡು ನಿಂತರು.

"ಇದಕ್ಕೆ?"

"ಅದು ಸ್ಟೆಪ್ನಿ. ಓಡೋದಿಲ್ಲ," ಎಂದ ಸೇಲ್ಸ್‌ಮನ್.

"ಓಡದೇ ಇದ್ದರೆ ಇಷ್ಟು ಮೇಲೆ ಯಾಕಪ್ಪಾ ಕೂರಿಸಿದ್ದೀರಿ? ಮೊದಲು ಕಣ್ಣು ಬೀಳೋದೇ ಇದಕ್ಕೆ," ಎಂದು ಐದನೆಯ ಹಣ್ಣನ್ನು ಅದರ ಮೇಲಿಟ್ಟರು. ಅದು ಉರುಳಿ ಬಿತ್ತು. ಮತ್ತೆ ಇಟ್ಟರು. ಮತ್ತೆ ಬಿತ್ತು. ಕೊನೆಗೆ ನನ್ನ ಚೀಲ ತೆರೆದು ಸ್ಟೆತಾಸ್ಕೋಪಿನ ಪಕ್ಕದಲ್ಲಿ ಇರಿಸಿ ಹೇಳಿದರು: "ಆ ಚಕ್ರ ನೆಲಕ್ಕಿಳಿದ ದಿನ ನೆನಪಾಗಿ ಇಡಿ ಡಾಕ್ಟ್ರೇ. ಅದಕ್ಕೆ ಮುಂಚೆ ಪಾನಕ ಮಾಡ್ಕೊಂಡು ಕುಡಿದುಬಿಟ್ಟೀರಿ."

ತೊಣ್ಣೂರಿನ ಒರಳು

ಮನೆಯ ಮುಂದೆ ಜಗಲಿಯ ಕಲ್ಲಿತ್ತು. ಅದರ ಮೇಲೆ ನಿಂತು ಗಾಡಿ ಏರಿದ್ದೆ. ತೊಣ್ಣೂರಿನಲ್ಲಿ ನನ್ನ ಕೆಲಸ ಮುಗಿದಾಗ ಗಾಡಿ ಬಟ್ಟ ಬಯಲಿನಲ್ಲಿ ನಿಂತಿತ್ತು. ನನ್ನ ಎತ್ತರ ಕಡಿಮೆ, ಮಂಡಿಗಳು ಹಳೆಯವು, ಸೀರೆಗೆ ಅದರದ್ದೇ ಮರ್ಯಾದೆ. ಹಳೆಯ ಕಾರಿನ ಒಳಗೆ ಕೂರುವುದೆಂದರೆ ಆರಾಮ ಕುರ್ಚಿಯೊಳಗೆ ಇಳಿದಂತೆ. ಇದಕ್ಕೋ ಕಾಲಿಡಲು ಒಂದು ಹಲಗೆಯೂ ಇಲ್ಲ.

"ಎತ್ತರ ಇರೋದೇ ಇದರ ಪ್ಲಸ್ ಪಾಯಿಂಟ್ ಮೇಡಂ. ಮೇಲಿಂದ ರಸ್ತೆಯೆಲ್ಲ ಕಾಣುತ್ತೆ," ಎಂದ ಸೇಲ್ಸ್‌ಮನ್.

"ಕೆಳಗಿನಿಂದಲೂ ಕಾಣುತ್ತಿದೆ," ಎಂದೆ.

ಆ ಮನೆಯ ಮುದುಕಿ ಒಂದು ಮಣೆ ತಂದಿಟ್ಟಳು. ಸಾಲಲಿಲ್ಲ. ಆಮೇಲೆ ಇಬ್ಬರು ಗಂಡಸರು ಹಿತ್ತಿಲಿನಿಂದ ರುಬ್ಬುವ ಒರಳನ್ನೇ ಉರುಳಿಸಿಕೊಂಡು ಬಂದು ಬಾಗಿಲ ಬಳಿ ಬೋರಲು ಹಾಕಿದರು. ಊರು ಕೂಡಿ ನೋಡುತ್ತಿರಲು ನಾನು ಒರಳು ಹತ್ತಿ, ಗಾಡಿ ಹತ್ತಿ ಕುಳಿತೆ. ಸ್ಟೇರಿಂಗನ್ನು ಸೇಲ್ಸ್‌ಮನ್ನನಿಗೇ ಬಿಟ್ಟು ಜೊತೆಗೆ ಬಂದಿದ್ದ ನನ್ನ ಡ್ರೈವರು ಹಿಂದಿನ ಸೀಟಿನಲ್ಲಿ ಮುಖ ಆ ಕಡೆ ತಿರುಗಿಸಿಕೊಂಡಿದ್ದ. ಅವನ ಹೆಗಲು ಮಾತ್ರ ಕುಲುಕುತ್ತಿತ್ತು.

ಮುದುಕಿ ಸೇಲ್ಸ್‌ಮನ್ನನನ್ನು ಕೇಳಿದಳು: "ಏನಪ್ಪಾ, ಗಾಡಿ ಜತೇಲಿ ಒರಳು ಕೊಡಾಕಿಲ್ವಾ?"

"ಇಲ್ಲಜ್ಜಿ."

"ಅಂಗಾದ್ರೆ ಅರ್ಧ ಗಾಡಿ ತಂದಿದ್ದೀಯ ಬುಡು."

ಅತ್ತೆಯ ಜಾಗ

ಕೆ.ಆರ್. ಪೇಟೆಯಲ್ಲಿ ಗಾಡಿಯನ್ನು ಪರೀಕ್ಷಿಸಲು ಬಂದವನು, ಹಿಂದಿನ ವರ್ಷ ನನ್ನಿಂದ ಹೆಂಡತಿಯ ಹೆರಿಗೆ ಮಾಡಿಸಿಕೊಂಡ ಒಬ್ಬ ರೈತ. ಅಂದು ಆಸ್ಪತ್ರೆಯಿಂದ ಊರಿಗೆ ಅವನ ಇಡೀ ಸಂಸಾರವನ್ನು ನನ್ನ ಹಳೆಯ ಕಾರೇ ಹೊತ್ತಿತ್ತು. ಅದರ ಮುಂದಿನ ಸೀಟು ಬೆಂಚಿನಂತೆ ಉದ್ದ. ಗೇರು ಸ್ಟೇರಿಂಗಿನ ಪಕ್ಕದಲ್ಲಿ. ಮೂವರು ಕುಳಿತ ಮೇಲೆ ನಾಲ್ಕನೆಯವನಿಗಾಗಿ ಡ್ರೈವರು ಅರ್ಧ ಮೈಯನ್ನು ಬಾಗಿಲಿಗೆ ಬಿಟ್ಟುಕೊಟ್ಟು ಓಡಿಸುತ್ತಿದ್ದ.

"ಎಷ್ಟು ಜನ ಇಡಿಸ್ತದೆ?" ಎಂದು ರೈತ ಕೇಳಿದ.

"ಐದು ಜನ ಆರಾಮಾಗಿ."

"ಆರಾಮು ಯಾರ್ ಕೇಳುದ್ರು? ಇಡಿಸೋದೆಷ್ಟು?"

"ಐದೇ."

ರೈತ ಮರುಕದಿಂದ ನನ್ನನ್ನು ನೋಡಿದ. ಆಮೇಲೆ ಕಿಟಕಿಯೊಳಗೆ ತಲೆ ತೂರಿಸಿ, ಮುಂದಿನ ಎರಡು ಸೀಟುಗಳ ನಡುವೆ ಬೆರಳು ತೋರಿದ. "ಇದೇನು ಮಧ್ಯದಲ್ಲಿ?"

"ಗೇರು. ಅದು ಹ್ಯಾಂಡ್ ಬ್ರೇಕು."

"ಅಲ್ಲಿ ನಮ್ಮತ್ತೆ ಕೂರ್ತಿತ್ತು!"

"ಇದರಲ್ಲಿ ಆಗೋದಿಲ್ಲ."

"ಹಿಂದ್ಗಡೆ?"

"ನೀವು, ನಿಮ್ಮ ಹೆಂಡತಿ, ಮಕ್ಕಳು ಅಂದರೆ ಭರ್ತಿ."

"ಅಂದ್ರೆ ಅತ್ತೆ ಎಲ್ಲೂ ಕೂರಂಗಿಲ್ಲ?"

"ಇಲ್ಲ."

ರೈತ ತಲೆ ಹೊರಗೆ ತೆಗೆದ. ಸುತ್ತ ಒಮ್ಮೆ ನೋಡಿ, ಸೇಲ್ಸ್‌ಮನ್ನನ ಹೆಗಲ ಮೇಲೆ ಕೈಹಾಕಿ, ತಗ್ಗಿದ ದನಿಯಲ್ಲಿ ಕೇಳಿದ: "ಎಲ್ಲಿ ಸಿಕ್ತದಣ್ಣ ಇದು?"

ಬಂದದ್ದು ಯಾರು

ಹೊಣಕೆರೆಯಲ್ಲಿ ನನಗೊಂದು ಕೋಣೆಯಿತ್ತು. ನಾನು ಬರುವ ದಿನ ಅದರ ಮುಂದೆ ಹೆಂಗಸರು ಸಾಲಾಗಿ ಕುಳಿತಿರುತ್ತಿದ್ದರು. ಅಂದು ಒಂದು ನರಪಿಳ್ಳೆಯೂ ಇಲ್ಲ. ಬೀಗ ತೆಗೆದು ಕುಳಿತೆ. ಕಾದೆ. ನನ್ನ ಮನಸ್ಸು ಬಿಂಡಿಗನವಿಲೆಯಲ್ಲಿತ್ತು; ಇಲ್ಲಿ ಹೊತ್ತು ಕಳೆದಷ್ಟೂ ಅಲ್ಲಿಗೆ ತಡ. ಈ ಊರಿಗೇ ಏಕಾಏಕಿ ಆರೋಗ್ಯ ಬಂದುಬಿಟ್ಟಿತೇ ಎಂದು ಬೇಸತ್ತು ಹೊರಗೆ ಬಂದರೆ, ಅಷ್ಟು ದೂರದ ಅರಳಿಕಟ್ಟೆಯ ಹಿಂದೆ ಎಲ್ಲರೂ ಹರಟುತ್ತ ಕುಳಿತಿದ್ದಾರೆ.

ಹತ್ತಿರ ಹೋದೆ. ನನಗೆ ಬೆನ್ನು ಹಾಕಿದ್ದ ಒಬ್ಬಳು ಹೇಳುತ್ತಿದ್ದಳು: "ಇವತ್ತು ಡಾಕ್ಟ್ರವ್ವ ಬರಾಕಿಲ್ಲ ಕಣ್ರೇ. ಇಷ್ಟೊತ್ತಾದ್ರೂ ಕೆರೆ ಏರಿ ಮ್ಯಾಗೆ ಗಾಡಿ ಸದ್ದೇ ಇಲ್ಲ."

ಆಗ ತಿಳಿಯಿತು. ಇಷ್ಟು ವರ್ಷ ಇವರು ಕಾಯುತ್ತಿದ್ದುದು ನನ್ನನ್ನಲ್ಲ, ನನ್ನ ಕಾರಿನ ಗಡಗಡ ಸದ್ದನ್ನು. ಅದು ಏರಿಯ ಮೇಲೆ ಕೇಳಿದೊಡನೆ ಎದ್ದು, ಸೆರಗು ಕೊಡವಿಕೊಂಡು, ನಾನು ತಲುಪುವ ಹೊತ್ತಿಗೆ ಸಾಲಿನಲ್ಲಿರುತ್ತಿದ್ದರು. ಹೊಸ ಗಾಡಿ ಬೆಕ್ಕಿನಂತೆ ಬಂದಿತ್ತು.

"ನಾನು ಬಂದು ಬಹಳ ಹೊತ್ತಾಯಿತು," ಎಂದೆ.

ಆಕೆ ತಿರುಗಿ ನೋಡಿದಳು. ಏಳಲಿಲ್ಲ. "ನೀವು ಬಂದಿರ್ಬೌದು ಕಣವ್ವ, ಗಾಡಿ ಬಂದಿಲ್ವಲ್ಲ!"

ಬಿಂಡಿಗನವಿಲೆಯ ದಾರಿ

ತಡವಾಯಿತು. ಬಿಂಡಿಗನವಿಲೆ ಮುಟ್ಟಿದಾಗ ಆ ಹುಡುಗಿಗೆ ನೋವು ಶುರುವಾಗಿತ್ತು. ಅತ್ತೆ ಹೊಸ್ತಿಲ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದಳು. "ಅಮಾಸೆ ಕಳೀತಲ್ಲವ್ವ, ಇನ್ಯಾಕೆ ಹೆದ್ರಿಕೆ ಅಂದ್ಕಂಡಿದ್ದೆ," ಎಂದಳು.

ಹಿಂದಿನ ಸೀಟಿನಲ್ಲಿ ಬಸುರಿಯನ್ನು ಮಲಗಿಸಿ, ನಾನು ಅವಳ ಪಕ್ಕದಲ್ಲಿ ಇರುಕಿಕೊಂಡೆ. ಅತ್ತೆ ಮುಂದೆ. ಸ್ಟೇರಿಂಗು ಹಿಡಿದ ಸೇಲ್ಸ್‌ಮನ್ ಎರಡು ಸಲ ಗಾಡಿ ಆಫ್ ಮಾಡಿಬಿಟ್ಟ. ಬೆಳಗಿನಿಂದ ಆ ಗಾಡಿಯನ್ನು ಮುಟ್ಟಲೂ ಒಲ್ಲದ ನನ್ನ ಡ್ರೈವರು ಅವನ ರಟ್ಟೆ ಹಿಡಿದು ಇಳಿಸಿದ. "ನೀನು ಹಿಂದಕ್ಕೆ ನಡೀಲಾ."

ಹಿಂದೆ ಸಾಮಾನಿನ ಜಾಗ ಮಾತ್ರ ಉಳಿದಿತ್ತು. ಟೈ ಕಟ್ಟಿದವನು ಅಲ್ಲಿ ಮುದುರಿ ಕುಳಿತ.

ನಾಗಮಂಗಲ ಇನ್ನೂ ದೂರವಿರುವಾಗಲೇ ಇನ್ನು ಮುಂದೆ ಹೋಗಲಾಗದೆಂದು ನನಗೆ ಗೊತ್ತಾಯಿತು. ಹೊಂಗೆಮರದ ನೆರಳಿನಲ್ಲಿ ಗಾಡಿ ನಿಲ್ಲಿಸಲು ಹೇಳಿದೆ. ಡ್ರೈವರು ಇಳಿದು ಬೆನ್ನು ತಿರುಗಿಸಿ ನಿಂತ. ಸೀಟುಗಳಿಗೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಶೋರೂಮಿನವರು ಇನ್ನೂ ತೆಗೆದಿರಲಿಲ್ಲ. ಆ ದಿನ ಆ ಗಾಡಿಯಲ್ಲಿ ನಾನು ಮನಸಾರೆ ಮೆಚ್ಚಿದ ವಸ್ತು ಅದೊಂದೇ.

ಮಗು ಬಂತು. ಅಳಲಿಲ್ಲ.

ಮೂಗು ಬಾಯಿ ಶುಚಿ ಮಾಡಿದೆ, ಬೆನ್ನು ಉಜ್ಜಿದೆ, ಉಸಿರು ಊದಿದೆ. ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮೂರನೆಯ ಸಲವೂ ಅವಳಿಗೆ ಅದೇ ಮಾತು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಪಾದಕ್ಕೆ ಬೆರಳಿನಿಂದ ತಟ್ಟಿದೆ. ಆಗ ಅದು ಬಾಯಿ ತೆರೆದು, ಅಷ್ಟು ಹೊತ್ತು ಕಾಯಿಸಿದ್ದಕ್ಕೆ ನಮ್ಮನ್ನೇ ಬೈಯುವಂತೆ ಅತ್ತಿತು. ಹೆಣ್ಣುಮಗು.

ಹಿಂದಿನಿಂದ ಸಣ್ಣ ದನಿಯೊಂದು ಕೇಳಿತು: "ಮೇಡಂ, ನಾನಿನ್ನು ಕಣ್ಣು ಬಿಡಬಹುದಾ?"

ಪುರುಡು

ತಾಯಿ ಮಗುವನ್ನು ನಾಗಮಂಗಲದ ಆಸ್ಪತ್ರೆಯಲ್ಲಿ ಒಪ್ಪಿಸಿದೆವು. ಇಬ್ಬರೂ ಕ್ಷೇಮ. ಸೇಲ್ಸ್‌ಮನ್ ಎದುರಿನ ಎಸ್.ಟಿ.ಡಿ. ಬೂತಿನಿಂದ ತನ್ನ ಮಾಲೀಕರಿಗೆ ಫೋನು ಮಾಡಿ, ನಡೆದುದನ್ನೆಲ್ಲ ವರದಿ ಮಾಡಿದ. ಅವರು ಗಾಡಿಗೆ ಏನಾಯಿತೆಂದು ಕೇಳಲಿಲ್ಲ, ಕೇಳಿದ್ದು ಇಷ್ಟೇ: "ಮಗು ಹುಟ್ಟಿದ್ದು ಗಾಡಿ ಒಳಗೋ, ಇಳಿಸಿದ ಮೇಲೋ?"

"ಒಳಗೇ ಸಾರ್."

"ಹಾಗಾದರೆ ಪುರುಡು. ಅದು ಕಳೆಯೋವರೆಗೂ ಶೋರೂಮಿಗೆ ತರಕೂಡದು. ಬಾಗಿಲಲ್ಲೇ ಗಣಪತಿ ಕೂತಿದ್ದಾನೆ."

"ಆಯ್ತು ಸಾರ್. ನಾನು ಬಸ್ಸಿನಲ್ಲಿ ಬಂದುಬಿಡ್ತೀನಿ."

"ನೀನೆಲ್ಲಿದ್ದೆ ಆಗ?"

"ಒಳಗೇ ಸಾರ್."

"ನೀನೂ ಬರಬೇಡ."

ಹೀಗಾಗಿ ಹೆರಿಗೆಯ ಮೈಲಿಗೆ ಕಳೆಯುವವರೆಗೆ ಗಾಡಿ ನನ್ನ ಗೇಟಿನ ಮುಂದೆ ನಿಂತಿತು, ಸೇಲ್ಸ್‌ಮನ್ ತನ್ನ ಮನೆಯಲ್ಲಿ ಉಳಿದ. ನಾನು ಹಳೆಯ ಕಾರಿನಲ್ಲೇ ಸುತ್ತಾಡಿದೆ. ಅದು ಎರಡು ಕಡೆ ಸುಧಾರಿಸಿಕೊಂಡಿತು. ಮೈಲಿಗೆ ಕಳೆದ ದಿನ ಪಕ್ಕದ ಮನೆಯ ಅರ್ಚಕರು ಬಂದು ಪುಣ್ಯಾಹದ ನೀರು ಪ್ರೋಕ್ಷಿಸಿದರು, ಮೊದಲು ಗಾಡಿಗೆ, ಆಮೇಲೆ ಸೇಲ್ಸ್‌ಮನ್ನನಿಗೆ. ಆತ ಸಂತೋಷದಿಂದ ಬೀಗದಕೈ ಹಿಡಿದು ಗಾಡಿ ಹತ್ತುವ ಹೊತ್ತಿಗೆ ಬಿಂಡಿಗನವಿಲೆಯ ಅತ್ತೆ ಕಂಕುಳಲ್ಲಿ ಗಂಟು ಇರುಕಿಕೊಂಡು ಬಸ್ ನಿಲ್ದಾಣದ ಕಡೆಯಿಂದ ನಡೆದು ಬಂದಳು. ನನಗೆಂದು ಕೊಬ್ಬರಿ ಬೆಲ್ಲ ತಂದಿದ್ದಳು. ನನ್ನ ಕಡೆ ಬರಲಿಲ್ಲ; ನೇರ ಗಾಡಿಯ ಮುಂದೆ ಹೋಗಿ ಅಡ್ಡ ನಿಂತಳು.

"ಎಲ್ಲಿಗ್ಲಾ ತಗಂಡೋಯ್ತಾ ಇದ್ದೀಯ ಇದ?"

"ಶೋರೂಮಿಗೆ ಅಜ್ಜಿ. ಮಾರೋಕೆ."

"ಮಾರಾಕಾ? ನನ್ನ ಸೊಸೆ ಬಾಣ್ತನಕ್ಕೆ ಹೋಗಾನ ಅಂದ್ರೆ ಅಪ್ಪ ಇಲ್ಲ, ಅವ್ವ ಇಲ್ಲ, ಸೂರಿಲ್ಲ. ಎರಡು ಹೆರಿಗೆ ನಮ್ಮನೇಲೇ ಆಗಿ ಎರಡೂ ಕೈಬಿಟ್ಟೋದ್ವು. ಮಗು ಉಳದಿದ್ದು ಇದರೊಳಗೆ. ಹೆಣ್ಣು ಹೆತ್ತ ಜಾಗ ತವರು ಅಲ್ವೇನ್ಲಾ? ಯಾರಾದ್ರೂ ತವರುಮನೆ ಮಾರ್ತಾರೇನ್ಲಾ?"

ಸೇಲ್ಸ್‌ಮನ್ ನನ್ನ ಮುಖ ನೋಡಿದ. ನನ್ನ ಡ್ರೈವರು ನೆಲ ನೋಡಿದ. ನಾನು ಗಾಡಿಯನ್ನು ನೋಡಿದೆ: ಹತ್ತಲು ಒರಳು ಬೇಕು, ಐದು ಜನಕ್ಕಿಂತ ಹೆಚ್ಚು ಹಿಡಿಸದು, ಬಂದರೆ ಊರಿಗೆ ತಿಳಿಯದು. ಆದರೆ ಬಿಂಡಿಗನವಿಲೆಯ ದಾರಿಯಲ್ಲಿ ಅದು ಎಲ್ಲಿಯೂ ತಾನಾಗಿ ನಿಂತಿರಲಿಲ್ಲ.

"ಗಾಡಿಯನ್ನು ಇಲ್ಲೇ ಬಿಡಿ," ಎಂದೆ. "ನಾನು ತೆಗೆದುಕೊಳ್ಳುತ್ತೇನೆ."

ಮುದುಕಿ ಗೆದ್ದವಳಂತೆ ಜಗಲಿ ಹತ್ತಿ, ಗಂಟು ಇಳಿಸಿ, ಕಾಲು ನೀಡಿ ಕುಳಿತಳು. ನಾನು ಮದುವೆಯಾದವಳಲ್ಲ. ಬೀಗರ ಕಾಟವೊಂದು ನನಗೆ ಈ ಜನ್ಮದಲ್ಲಿಲ್ಲವೆಂದು ಅರವತ್ತು ವರ್ಷ ನೆಮ್ಮದಿಯಿಂದ ಇದ್ದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮನೆಯ ಒಳಗಡೆ ಒಮ್ಮೆ ಇಣುಕಿ, ಊರಿಗೆಲ್ಲ ಕೇಳುವಂತೆ ಹೇಳಿದಳು:

"ಅಲ್ಲ ಬೀಗಿತ್ತಿ, ಗಂಡಿನ ಕಡೇರು ಅಷ್ಟು ದೂರದಿಂದ ಬಂದವ್ರೆ. ಒಂದು ಲೋಟ ಕಾಫಿನೂ ಕೇಳಾಕಿಲ್ವಾ?"